ರಾಣಿಯೊಬ್ಬಳೇ ಗಡಿ ದಾಟಿದಳು

ಸಿಡ್ನಿ, ಇಳಿದ ದಿನ

ನನ್ನ ಹತ್ತಿರ ಸಾರಿನ ಪುಡಿ ಇದೆ, ಚಟ್ನಿಪುಡಿ ಇದೆ, ಮೆಂತ್ಯದ ಹಿಟ್ಟು ಇದೆ, ಬೀಜ ತೆಗೆದ ಹುಣಸೆಹಣ್ಣು ಇದೆ ಎಂದು ವಿಮಾನದಲ್ಲಿ ಕೊಟ್ಟ ಫಾರಂನಲ್ಲಿ ಒಂದೂ ಬಿಡದೆ ಬರೆದಿದ್ದೆ. ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ಉತ್ತರಪತ್ರಿಕೆ ತಿದ್ದಿದವಳು ನಾನು. ಪ್ರಶ್ನೆ ಕಂಡರೆ ಪೂರ್ತಿ ಉತ್ತರ ಬರೆಯದೆ ಇರಲಾರೆ. ಆದರೆ ಮರದ ವಸ್ತು ಏನಾದರೂ ಇದೆಯೇ ಎಂದು ಕೇಳಿದ ಕಡೆ ಧೈರ್ಯವಾಗಿ ‘ಇಲ್ಲ’ ಎಂದು ಗುರುತು ಹಾಕಿದ್ದೆ. ರಾಜ ರಾಣಿ ಮರದವರು ಎಂಬುದು ನನಗೆ ಹೊಳೆಯಲೇ ಇಲ್ಲ.

ನಮ್ಮ ಮನೆಯಲ್ಲಿ ಅವರನ್ನು ಯಾರೂ ಮರವೆಂದು ಕರೆದದ್ದಿಲ್ಲ. ಮೈಸೂರು ಸೀಮೆಯಲ್ಲಿ ಮಗಳ ಮದುವೆಯಲ್ಲಿ ತವರಿನಿಂದ ಕೊಡುವ ಜೋಡಿ ಅದು, ಪಟ್ಟದ ಗೊಂಬೆ. ವರ್ಷವೆಲ್ಲ ಪೆಟ್ಟಿಗೆಯಲ್ಲಿ ಮಲಗಿರುತ್ತಾರೆ, ನವರಾತ್ರಿಗೆ ಎದ್ದು ರೇಷ್ಮೆ ಉಟ್ಟು ಮೇಲಿನ ಮೆಟ್ಟಿಲಲ್ಲಿ ಕೂರುತ್ತಾರೆ, ಒಂಬತ್ತು ದಿನ ಆರತಿ ಮಾಡಿಸಿಕೊಳ್ಳುತ್ತಾರೆ. ಅಮ್ಮನ ಅಮ್ಮನಿಂದ ಅಮ್ಮನಿಗೆ, ಅಮ್ಮನಿಂದ ಹಿರಿಮಗಳಾದ ನನಗೆ ಬಂದ ಜೋಡಿ. ಹೋದ ವರ್ಷ ಅಮ್ಮ ತೀರಿಕೊಳ್ಳುವ ಮುಂಚೆ, ‘ಅವೆರಡನ್ನೂ ವನಜಂಗೆ ತಲುಪಿಸು, ನೀನೇ ಹೋಗಿ ಕೊಡು’ ಎಂದಳು. ವನಜ ನನ್ನ ತಂಗಿ, ಮೆಲ್ಬರ್ನಿನಲ್ಲಿದ್ದಾಳೆ. ಪೋಸ್ಟಿನಲ್ಲಿ ಕಳಿಸಿದರೆ ಆಗದೇ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಏಕೆ ನಾನೇ ಹೋಗಬೇಕೆಂದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

ಕ್ವಾರಂಟೈನ್ ಮೇಜಿನ ಹೆಂಗಸು ನನಗಿಂತ ಒಂದು ಗೇಣು ಎತ್ತರ, ಮುಖದ ತುಂಬ ಕಂದು ಮಚ್ಚೆ. ನನ್ನ ಪುಡಿಗಳನ್ನೆಲ್ಲ ಮೂಸಿ ನೋಡಿ ಬಿಟ್ಟಳು. ಕೊನೆಗೆ ಅಮ್ಮನ ಹಳೇ ಸೀರೆಯ ಗಂಟು ಬಿಚ್ಚಿದಳು. ಒಳಗಿಂದ ಒಣಗಿದ ಬೇವಿನ ಎಲೆ ಜರಜರ ಸುರಿಯಿತು. ಗೊಂಬೆಗೆ ಹುಳು ಹಿಡಿಯದಿರಲೆಂದು ನಾವು ಬೇವಿನ ಸೊಪ್ಪಿನಲ್ಲಿ ಸುತ್ತಿಡುತ್ತೇವೆ. ಆ ದೇಶದಲ್ಲಿ ಎಲೆ ತರುವುದೇ ತಪ್ಪು ಎಂದು ಯಾರು ಕಂಡಿದ್ದರು? ಅವಳು ಕೈಗವಸು ಹಾಕಿಕೊಂಡು ಒಂದೊಂದೇ ಎಲೆಯನ್ನು ಚಿಮಟದಲ್ಲಿ ಹೆಕ್ಕಿ ಚೀಲಕ್ಕೆ ತುಂಬಿದಳು. ಆಮೇಲೆ ರಾಣಿಯನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕಿಟ್ಟಳು. ರಾಜನನ್ನು ತಲೆಕೆಳಗು ಮಾಡಿ ಮೇಜಿಗೆ ಮೆಲ್ಲಗೆ ತಟ್ಟಿದಳು. ರವೆಯಂಥ ಪುಡಿ ಉದುರಿತು.

ತಪ್ಪು ನನ್ನದೇ. ಹಿಂದೊಮ್ಮೆ ರಾಜ ಕೈಜಾರಿ ಬಿದ್ದು ಪೀಠ ಒಡೆದಿತ್ತು. ಬೀದಿಯ ಬಡಗಿಯಿಂದ ಮಾವಿನ ಮರದ ತುಂಡು ಹಾಕಿಸಿದ್ದೆ. ಹುಳು ಅಲ್ಲಿ ಸೇರಿಕೊಂಡಿತ್ತು.

ಮೂರು ದಾರಿ ಇವೆ ಎಂದಳು ಅವಳು. ಸುಟ್ಟುಹಾಕಬಹುದು, ವಾಪಸ್ ಕಳಿಸಬಹುದು, ಇಲ್ಲವೆ ಔಷಧದ ಹೊಗೆಗೆ ಕೊಟ್ಟು ನೋಡಬಹುದು. ಹೊಗೆ ಕೊಟ್ಟರೆ ಹಳೇ ಬಣ್ಣ ಹೋಗಬಹುದು, ಮರ ಸೀಳಲೂಬಹುದು, ತಾನು ಭರವಸೆ ಕೊಡಲಾರೆ ಎಂದಳು. ನಾನು ಹೊಗೆ ಎಂದೆ. ಬಂದರೆ ನೇರ ಅಲ್ಲಿಗೇ ಬರಲೆಂದು ಮೆಲ್ಬರ್ನಿನಲ್ಲಿರುವ ತಂಗಿಯ ಗಂಡನ ಆಫೀಸಿನ ವಿಳಾಸ ಬರೆದು ರುಜು ಹಾಕಿದೆ. ಅವಳು ರಾಜನ ಎದೆಗೆ ಹಳದಿ ಚೀಟಿ ಅಂಟಿಸಿ, ರಾಣಿಯನ್ನು ನನ್ನ ಕೈಗಿಟ್ಟು, ‘ಇವರಿಲ್ಲದೆ ಇವಳು ಇರುತ್ತಾಳಾ?’ ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ಕೇಳಿದಳು.

‘ಅವಳು ಹುಟ್ಟಿನಿಂದಲೇ ರಾಣಿ. ಇವನು ಬಂದದ್ದು ಆಮೇಲೆ’ ಎಂದೆ. ನನ್ನ ಇಂಗ್ಲಿಷಿನಲ್ಲಿ ಅದು ಎಷ್ಟು ಅರ್ಥವಾಯಿತೋ, ನಕ್ಕಳು.

ಗಿರಾವೀನ್, ಮೂರು ದಿನ

ನೇರವಾಗಿ ಮೆಲ್ಬರ್ನಿಗೇ ಹೋಗಬಹುದಿತ್ತು. ಧೈರ್ಯ ಸಾಲದೆ ಮೊದಲು ಸಿಡ್ನಿ ಎಂದಿದ್ದೆ. ಸಿಡ್ನಿಯ ಬಡಾವಣೆ ಗಿರಾವೀನಿನಲ್ಲಿರುವ ರೇಖಾ ಚಾಮರಾಜನಗರದ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಓದಲು ಬಂದು, ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿ, ಈಗ ಗಂಡ, ಆರು ವರ್ಷದ ಮಗಳು, ಮನೆ ಎಲ್ಲ ಆಗಿದೆ. ಇನ್ನೂ ನನ್ನನ್ನು ‘ಮಿಸ್’ ಎಂದೇ ಕರೆಯುತ್ತಾಳೆ, ಊಟಕ್ಕೆ ಕೂತಾಗಲೂ ನಾನು ಕೂತ ಮೇಲೆಯೇ ಕೂರುತ್ತಾಳೆ.

‘ಮಿಸ್, ನೀವು ಟೆನ್ಷನ್ ತಗೋಬೇಡಿ. ಡೈಲಿ ಕಾಲ್ ಮಾಡಿ ನಾನು ಫಾಲೋ ಅಪ್ ಮಾಡ್ತೀನಿ. ರಾಜಂಗೆ ಏನೂ ಆಗಲ್ಲ.’

‘ಇಸ್ ಹಿ ಇನ್ ಜೈಲ್?’ ಎಂದಳು ಮಗಳು ಅನನ್ಯ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನವರಾತ್ರಿಗೆಂದು ರಟ್ಟಿನ ಡಬ್ಬಗಳ ಮೇಲೆ ಬಿಳಿ ಪಂಚೆ ಹಾಸಿ ರೇಖಾ ಮೆಟ್ಟಿಲು ಮಾಡಿದ್ದಳು. ಚನ್ನಪಟ್ಟಣದ ಗೊಂಬೆಗಳ ಸಾಲಿನಲ್ಲಿ ಎರಡು ಕಾಂಗರೂ, ಒಂದು ಕೊಆಲಾ. ಮೇಲಿನ ಮೆಟ್ಟಿಲಲ್ಲಿ ನನ್ನ ರಾಣಿಯೊಬ್ಬಳೇ. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಮೊದಲು ಕೇಳುತ್ತಿದ್ದುದು, ‘ರಾಜ ಎಲ್ಲಿ ಆಂಟಿ?’ ಎಂದೇ. ಕ್ವಾರಂಟೈನಿನಲ್ಲಿದ್ದಾರೆ ಎಂದರೆ ನಗು. ‘ಒಂಬತ್ತು ದಿನ ಗಂಡ ಇಲ್ದೆ ಆರಾಮ, ನಮ್ಗೂ ಇಂಥ ಸ್ಕೀಮ್ ಬೇಕು’ ಎಂದಳು ಒಬ್ಬಳು. ನಾನೂ ನಕ್ಕೆ. ಒಳಗೆ ಮಾತ್ರ ಕಸಿವಿಸಿ. ಮುರಿದ ಜೋಡಿ ಹಿಡಿದುಕೊಂಡು ತಂಗಿಯ ಬಾಗಿಲಿಗೆ ಹೇಗೆ ಹೋಗಲಿ?

ಅನನ್ಯಳಿಗೆ ರಾಣಿಯ ಕಥೆ ಬೇಕಾಯಿತು. ಅಮ್ಮ ಹೇಳಿದಂತೆಯೇ ಹೇಳಿದೆ. ನಮ್ಮ ಮನೆಯಲ್ಲಿ ರಾಣಿಗೆ ಹೊನ್ನಾದೇವಿ ಎಂದು ಹೆಸರು. ಏಳುನೂರು ವರ್ಷದ ಹಿಂದೆ ಮೂರು ಕೆರೆಯ ಒಂದು ಪುಟ್ಟ ರಾಜ್ಯ. ರಾಜನಿಗೆ ಗಂಡುಮಕ್ಕಳಿಲ್ಲ, ಇವಳೊಬ್ಬಳೇ. ಕುದುರೆ ಹತ್ತುವುದು, ಕತ್ತಿ ಹಿಡಿಯುವುದು, ನ್ಯಾಯ ಕೇಳುವುದು, ಎಲ್ಲವನ್ನೂ ಕಲಿಸಿದ. ಪಕ್ಕದ ರಾಜ್ಯದವರು ವರ್ಷವರ್ಷವೂ ಬಂದು ದನ ಹೊಡೆದುಕೊಂಡು ಹೋಗುವರು. ರಾಜ ಮುದುಕನಾದ. ಮಂತ್ರಿಗಳು, ‘ಶತ್ರುವಿನ ಮಗನಿಗೇ ಕುಮಾರಿಯನ್ನು ಕೊಟ್ಟುಬಿಡಿ, ಗಡಿ ತಣ್ಣಗಾಗುತ್ತದೆ’ ಎಂದರು. ‘ಗಡಿಗೆ ಗೋಡೆ ಸಾಲದೆ ನನ್ನನ್ನು ನಿಲ್ಲಿಸುತ್ತೀಯಾ ಅಪ್ಪಾ?’ ಎಂದು ಕೇಳಿದಳಂತೆ ಹೊನ್ನಾದೇವಿ. ರಾಜ ತಲೆ ತಗ್ಗಿಸಿದ. ಅವಳು ಪಲ್ಲಕ್ಕಿ ಹತ್ತಿದಳು, ತಿರುಗಿ ನೋಡಲಿಲ್ಲ.

‘ದೆನ್?’

‘ಅಷ್ಟೇ ಪುಟ್ಟಿ.’

‘ದಟ್ಸ್ ನಾಟ್ ಆ್ಯನ್ ಎಂಡಿಂಗ್’ ಎಂದು ಎದ್ದು ಹೋದಳು.

ಈ ಹೊನ್ನಾದೇವಿಯನ್ನು ನಾನು ಪುಸ್ತಕಗಳಲ್ಲೂ ಹುಡುಕಿದವಳೇ, ಸಿಗಲಿಲ್ಲ. ಸಿಕ್ಕಿದ್ದರೂ ಎಷ್ಟು ಸಿಗುತ್ತಿದ್ದಳು? ‘ವೈವಾಹಿಕ ಸಂಬಂಧಗಳ ಮೂಲಕ ರಾಜ್ಯವನ್ನು ಭದ್ರಪಡಿಸಿದನು’ ಎಂಬ ಒಂದು ವಾಕ್ಯ. ಎಷ್ಟು ಸಾವಿರ ಮಕ್ಕಳಿಗೆ ಆ ವಾಕ್ಯಕ್ಕೆ ಒಂದೊಂದು ಅಂಕ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಸಂಬಂಧ ಎಂದು ಬರೆದಲ್ಲಿ ಒಂದು ಹುಡುಗಿ ಇದ್ದಳು ಎಂದು ಯಾವ ಮಗುವೂ ಬರೆಯಲಿಲ್ಲ, ನಾನೂ ಹೇಳಿಕೊಡಲಿಲ್ಲ.

ಒಪೆರಾ ಹೌಸ್ ನೋಡಿದೆ, ಸೇತುವೆ ನೋಡಿದೆ, ಚೆನ್ನಾಗಿವೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ರೇಖಾಳ ಬೀದಿಯ ಸಿಟಿ ಬಸ್ಸು. ಇಳಿಯುವ ಪ್ರತಿಯೊಬ್ಬರೂ, ಶಾಲೆಯ ಮಕ್ಕಳೂ ಸಹ, ‘ಥ್ಯಾಂಕ್ಯೂ ಡ್ರೈವರ್’ ಎಂದು ಹೇಳಿಯೇ ಇಳಿಯುತ್ತಾರೆ. ನಮ್ಮಪ್ಪ ಇದನ್ನು ನೋಡಬೇಕಿತ್ತು ಎನಿಸಿತು.

ಮೆಲ್ಬರ್ನಿನ ದಾರಿ

ನಾಲ್ಕನೆಯ ದಿನ ಬೆಳಗ್ಗೆ ಹೊರಡುವ ಬಸ್ಸಿನಲ್ಲಿ ಹೊರಟೆ. ‘ಫ್ಲೈಟ್ ಬುಕ್ ಮಾಡ್ತೀನಿ ಮಿಸ್, ಒಂದೂವರೆ ಗಂಟೆ ಅಷ್ಟೇ’ ಎಂದು ರೇಖಾ ಗೋಗರೆದಳು. ಬಸ್ ಮಾಲೀಕನ ಮಗಳು ನಾನು, ಹೊಸ ದೇಶಕ್ಕೆ ಹೋಗಿ ಬಸ್ ಹತ್ತದೆ ಬರಲು ಮನಸ್ಸು ಒಪ್ಪಲಿಲ್ಲ. ರಾಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಡ್ರೈವರ್ ಬಂದು ನನ್ನ ಬೆಲ್ಟು ನೋಡಿ, ಅವಳನ್ನೂ ಬೆಲ್ಟಿನೊಳಗೆ ಸೇರಿಸು ಎಂದು ಸನ್ನೆ ಮಾಡಿದ.

ಕ್ಲೀನರ್ ಇಲ್ಲ, ಕಂಡಕ್ಟರ್ ಇಲ್ಲ, ಬಾಗಿಲಲ್ಲಿ ಜೋತುಬಿದ್ದು ‘ರೈಟ್’ ಎನ್ನುವವರಿಲ್ಲ. ಊಟಕ್ಕೆ ನಿಲ್ಲಿಸಿದ ಊರಿನಲ್ಲಿ ಡ್ರೈವರ್ ತಲೆ ಎಣಿಸಿದ, ಒಬ್ಬ ಅಜ್ಜ ಬಂದಿರಲಿಲ್ಲ, ಹುಡುಕಿಕೊಂಡು ಹೋಗಿ ಕೈಹಿಡಿದು ಕರೆತಂದ. ನಮ್ಮ ಬಸ್ಸುಗಳಾಗಿದ್ದರೆ ಅಜ್ಜ ಅಲ್ಲೇ. ಹಿಂದೆ ಹೊರಟ ಬಸ್ಸಿನವರು ಮುಂದಾಗಿಬಿಡುತ್ತಾರಲ್ಲ!

ಆ ಹಿಂದಿನವರ ಕಥೆ ಹೇಳಬೇಕು. ಅಪ್ಪನೂ ಅವರ ಗೆಳೆಯರೊಬ್ಬರೂ ಸೇರಿ ಒಂದು ಬಸ್ಸು ಬಿಟ್ಟರು, ಕೊಳ್ಳೇಗಾಲದಿಂದ ಮೈಸೂರಿಗೆ. ಬಸ್ಸು ನಾಲ್ಕಾದಾಗ ಗೆಳೆತನ ಮುರಿಯಿತು, ಇಬ್ಬರಿಗೂ ಎರಡೆರಡು. ಒಂದೇ ರೂಟು, ಒಂದೇ ವೇಳೆ. ಡ್ರೈವರುಗಳು ಪೈಪೋಟಿಗೆ ಬಿದ್ದು ಓಡಿಸುವುದು, ಸಂತೆಮಾಳದಲ್ಲಿ ಕ್ಲೀನರುಗಳು ಹೊಡೆದಾಡುವುದು, ಕೋರ್ಟಿನಲ್ಲಿ ಮಾಲೀಕರು ಮುಖ ತಿರುಗಿಸಿ ಕೂರುವುದು. ಹೀಗೆ ಹನ್ನೆರಡು ವರ್ಷ. ಒಂದು ದಿನ ಪೈಪೋಟಿಯಲ್ಲಿ ಅವರ ಬಸ್ಸು ಹಳ್ಳಕ್ಕಿಳಿಯಿತು. ಯಾರೂ ಸಾಯಲಿಲ್ಲ, ಹಿರಿಯರೆಲ್ಲ ಹೆದರಿದರು. ನಮ್ಮಪ್ಪನಿಗೆ ಗಂಡುಮಕ್ಕಳಿಲ್ಲ, ನಾವಿಬ್ಬರೇ. ಅವರಿಗೆ ಒಬ್ಬನೇ ಮಗ, ಸೋಮಶೇಖರ. ಸಂಬಂಧ ಬೆಳೆಸಿದರೆ ರೂಟು ಒಂದಾಗುತ್ತದೆ ಎಂದರು.

ಮೊದಲು ಕೇಳಿದ್ದು ನನ್ನನ್ನು. ನನಗಾಗ ಇಪ್ಪತ್ತೆರಡು. ಬಿ.ಎಡ್. ಸೀಟು ಸಿಕ್ಕಿತ್ತು, ‘ಬಸ್ಸಿಗೆ ನನ್ನನ್ನು ಬಿಡಿಭಾಗ ಮಾಡಬೇಡಿ, ಆ ಹುಡುಗ ಬೇಡ’ ಎಂದು ಎರಡು ದಿನ ಬಾಗಿಲು ಹಾಕಿಕೊಂಡೆ. ಮೂರನೆಯ ದಿನ ಬಾಗಿಲು ತೆಗೆದಾಗ ಮನೆಯಲ್ಲಿ ಎಲ್ಲ ಇತ್ಯರ್ಥವಾಗಿತ್ತು. ಹತ್ತೊಂಬತ್ತರ ವನಜ, ‘ನಾನು ಹೋಗ್ತೀನಿ ಬಿಡಿ’ ಎಂದಿದ್ದಳಂತೆ.

ಹಾಗೆ ಕೊಟ್ಟರು. ಆರು ವರ್ಷದೊಳಗೆ ಎರಡು ಮನೆಯವರೂ ಬಸ್ಸುಗಳನ್ನೆಲ್ಲ ಮಾರಿದರು. ಯಾವ ರಾಜ್ಯಕ್ಕಾಗಿ ಮದುವೆಯಾಯಿತೋ ಆ ರಾಜ್ಯವೇ ಹೋಯಿತು, ಮದುವೆ ಉಳಿಯಿತು. ಇಂಜಿನಿಯರಾಗಿದ್ದ ಸೋಮಶೇಖರ ಅವಳನ್ನು ಕರೆದುಕೊಂಡು ಮೆಲ್ಬರ್ನಿಗೆ ಹೋದ. ಆಮೇಲೆ ನಮ್ಮ ನಡುವೆ ಹಬ್ಬಕ್ಕೊಂದು ಫೋನು, ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ. ಊರಿಗೆ ಬಂದರೂ ನಾಲ್ಕು ಜನರ ನಡುವೆಯೇ ಮಾತು. ಅವಳ ಗಂಡನನ್ನು ಕಂಡರೆ ನನಗಾಗುತ್ತಿರಲಿಲ್ಲ. ಮದುವೆಯಾದ ಮೊದಲ ದಸರೆಗೆ ವನಜಳನ್ನು ಕರೆದೊಯ್ಯಲು ಬಂದವನು ನಮ್ಮ ಮನೆಯ ಗೇಟಿನಾಚೆಯೇ ನಿಂತಿದ್ದ, ಅವಳು ಹೋಗಿ ಕರೆಯುವ ತನಕ ಒಳಗೆ ಕಾಲಿಡಲಿಲ್ಲ. ಎಷ್ಟು ಜಂಭ ಇವನಿಗೆ ಎಂದು ಅಡುಗೆಮನೆಯ ಕಿಟಕಿಯಿಂದ ನೋಡಿ ಹಲ್ಲು ಕಡಿದಿದ್ದೆ. ಇಪ್ಪತ್ತಾರು ವರ್ಷವಾದರೂ ಅದನ್ನು ಮರೆತಿರಲಿಲ್ಲ.

ಗ್ಲೆನ್ ವೇವರ್ಲಿ, ಮೆಲ್ಬರ್ನ್

ಬಸ್ ನಿಲ್ದಾಣಕ್ಕೆ ಬಂದವನು ಸೋಮಶೇಖರ ಒಬ್ಬನೇ. ‘ವನಜಂಗೆ ಡ್ಯೂಟಿ ಇದೆ ಅತ್ತಿಗೆ, ಬರ್ತಾಳೆ’ ಎಂದ. ಯಾವುದೋ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸವೆಂದು ಅಮ್ಮ ಹೇಳಿದ್ದು ನೆನಪಿತ್ತು. ಅಕ್ಕ ಸಮುದ್ರ ದಾಟಿ ಬಂದರೂ ರಜ ಹಾಕಲಿಲ್ಲ ಎಂದು ಮನಸ್ಸಿಗೆ ಚುಚ್ಚಿತು. ನೀನು ಯಾವ ಮುಖ ಇಟ್ಟುಕೊಂಡು ಕೇಳುತ್ತೀಯ ಎಂದು ಅದೇ ಮನಸ್ಸು ಸುಮ್ಮನಾಯಿತು.

ನಾವು ಮನೆ ಸೇರಿದ ಮೇಲೆ ಬಂದಳು. ಕೂದಲು ಕಿವಿಯವರೆಗೆ ಕತ್ತರಿಸಿದ್ದಾಳೆ, ಸ್ವಲ್ಪ ದಪ್ಪವಾಗಿದ್ದಾಳೆ, ಅಮ್ಮನದೇ ನಡಿಗೆ. ತಬ್ಬಿಕೊಳ್ಳಬೇಕೋ ಬೇಡವೋ ಎಂದು ಇಬ್ಬರೂ ಒಂದು ಕ್ಷಣ ನಿಂತೆವು, ಆಮೇಲೆ ಅವಳು ನನ್ನ ಕೈಚೀಲ ತೆಗೆದುಕೊಂಡಳು. ನಾನು ಗಂಟು ಕೊಟ್ಟೆ.

‘ಅಮ್ಮ ಕೊಡೋಕೆ ಹೇಳಿದ್ಲು.’

ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿದಳು. ‘ಒಂದೇ ಇದೆ.’

‘ರಾಜನ್ನ ಸಿಡ್ನೀಲಿ ಹಿಡಿದಿಟ್ಕೊಂಡಿದಾರೆ. ಹುಳ ಇತ್ತು. ಬರ್ತಾನೋ ಇಲ್ವೋ ಗೊತ್ತಿಲ್ಲ.’

‘ಓ.’ ಗಂಟನ್ನು ಬಿಚ್ಚದೆ ಟಿವಿಯ ಪಕ್ಕದಲ್ಲಿಟ್ಟಳು. ‘ಕೈಕಾಲು ತೊಳ್ಕೊ, ಊಟ ಮಾಡೋಣ.’

ಸಾರು ಅಮ್ಮನ ಸಾರಿನಂತೆಯೇ ಇತ್ತು. ಅವಳ ಮಗಳು ಬೇರೆ ಊರಿನಲ್ಲಿ ಓದುತ್ತಿದ್ದಾಳೆ, ಅವಳ ಕೋಣೆಯಲ್ಲಿ ನನಗೆ ಹಾಸಿಗೆ. ಬಿಚ್ಚದ ಗಂಟು ಕಣ್ಣೆದುರಿಂದ ಹೋಗಲಿಲ್ಲ.

ಬೆಳಗ್ಗೆ ನಾನೇಳುವಷ್ಟರಲ್ಲಿ ವನಜ ಹೊರಟುಹೋಗಿದ್ದಳು. ‘ಅವಳ ಆಫೀಸ್ ನೋಡ್ತೀರಾ?’ ಎಂದು ಸೋಮಶೇಖರ ನನ್ನನ್ನು ರೈಲ್ವೆ ಸ್ಟೇಷನ್ ಪಕ್ಕದ ಬಸ್ ಸ್ಟಾಪಿಗೆ ಕರೆದೊಯ್ದು ನಿಲ್ಲಿಸಿದ. ಬಸ್ಸು ಬಂತು, ಬಾಗಿಲು ತೆರೆಯಿತು. ನೀಲಿ ಅಂಗಿ, ಕಪ್ಪು ಕನ್ನಡಕ, ಸ್ಟಿಯರಿಂಗ್ ಮೇಲೆ ಎರಡೂ ಕೈ.

‘ಹತ್ತು ಅಕ್ಕ, ಹಿಂದೆ ಜನ ಕಾಯ್ತಿದಾರೆ’ ಎಂದಳು ವನಜ.

ಹತ್ತಿದೆ. ಮುಂದಿನ ಸೀಟಿನಲ್ಲಿ ಕೂತೆ. ಗಿಡದ ತುಂಬ ಹೂವಿನ ಅಂಗಳಗಳು, ಶಾಲೆಗಳು, ಅಂಗಡಿಗಳು ಹೋಗುತ್ತಲೇ ಇದ್ದವು, ನಾನೊಂದನ್ನೂ ನೋಡಲಿಲ್ಲ. ಸಣ್ಣವರಿದ್ದಾಗ ನಿಂತ ಬಸ್ಸಿನ ಡ್ರೈವರ್ ಸೀಟಿಗೆ ಇವಳು ಹತ್ತಿ ಕೂತರೆ ಅಪ್ಪ ಕಿವಿ ಹಿಡಿದು ಇಳಿಸುತ್ತಿದ್ದರು. ಅಪ್ಪನ ಬಸ್ಸುಗಳಿಗೆ ವಾರಸುದಾರರೇ ಇಲ್ಲವೆಂದು ನೆಂಟರೆಲ್ಲ ಮರುಗುತ್ತಿದ್ದರು. ವಾರಸುದಾರಳು ಇಲ್ಲಿ ತಿರುವಿನಲ್ಲಿ ಸಾವಕಾಶವಾಗಿ ಕೈ ತಿರುಗಿಸುತ್ತಿದ್ದಳು. ನನಗೆ ಅಳು ಬಂತು, ಹೆಮ್ಮೆಯ ಅಳು. ತಡೆಯಲಿಲ್ಲ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಥ್ಯಾಂಕ್ಯೂ ಹೇಳಿ ಇಳಿದರು. ವನಜ ಇಂಜಿನ್ ನಿಲ್ಲಿಸಿದಳು.

‘ಎಂಟು ನಿಮಿಷ ಬ್ರೇಕ್ ಇದೆ. ಏನೋ ಹೇಳ್ಬೇಕು ಅಂತ ಬಂದಿದೀಯಲ್ಲ, ಹೇಳು.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು ನನಗೆ. ‘ನಾನು ಬೇಡ ಅಂದಿದ್ಕೆ ನಿನ್ನ ಕೊಟ್ರು. ನಿನ್ನ ಓದು ನಿಂತೋಯ್ತು. ಕ್ಷಮಿಸು ಅಂತ ಕೇಳೋಕೂ ನನಗೆ ಇಷ್ಟು ವರ್ಷ ಬೇಕಾಯ್ತು.’

ಅವಳು ಕನ್ನಡಕ ತೆಗೆದು ಒರೆಸಿದಳು. ‘ನಿನ್ ಮೇಲೆ ಸಿಟ್ಟಿತ್ತು, ಇಲ್ಲ ಅನ್ನಲ್ಲ. ನೀನು ಬೇಡ ಅಂದಿದ್ಕಲ್ಲ ಕಣೇ. ನಂಗೆ ಧೈರ್ಯ ಇದ್ದಿದ್ರೆ ನಾನೂ ಬೇಡ ಅಂತಿದ್ದೆ. ಆಮೇಲೆ ನೀನು ನನ್ ಮುಖ ನೋಡ್ಲಿಲ್ಲ. ಮದ್ವೆ ದಿನ ಅಡುಗೆಮನೆಯಿಂದ ಆಚೆ ಬರ್ಲೇ ಇಲ್ಲ. ಹೋಗುವಾಗ ತಿರುಗಿ ನೋಡ್ದೆ, ಎಲ್ರೂ ಇದ್ರು, ನೀನಿರ್ಲಿಲ್ಲ.’

ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

‘ಹೊನ್ನಾದೇವಿ ತಿರುಗಿ ನೋಡ್ಲಿಲ್ಲ ಅಂತಿದ್ಲು ಅಮ್ಮ’ ಎಂದೆ, ಏನಾದರೂ ಹೇಳಬೇಕೆಂದು.

‘ನಿಂಗೆ ಅಷ್ಟೇ ಹೇಳಿದ್ಲಾ? ಮುಂದಿಂದು?’

‘ಮುಂದೆ ಏನಿದೆ?’

ವನಜ ನನ್ನನ್ನೇ ನೋಡಿದಳು. ಮದುವೆಯ ಹಿಂದಿನ ಸಂಜೆ ತಲೆ ಬಾಚುತ್ತಾ ಅಮ್ಮ ಅವಳಿಗೆ ಮುಂದಿನದನ್ನು ಹೇಳಿದ್ದಳಂತೆ. ಪಲ್ಲಕ್ಕಿ ಹತ್ತುವ ಮುಂಚೆ ಹೊನ್ನಾದೇವಿ ಒಂದು ಕರಾರು ಹಾಕಿದಳು. ವರ್ಷಕ್ಕೆ ಒಂಬತ್ತು ದಿನ ನಾನು ನನ್ನ ಸಿಂಹಾಸನದ ಮೇಲೆ ಒಬ್ಬಳೇ ಕೂರುತ್ತೇನೆ. ಆ ಒಂಬತ್ತು ದಿನ ನಾನು ಯಾರ ಹೆಂಡತಿಯೂ ಅಲ್ಲ. ಹತ್ತನೆಯ ದಿನ ಗಂಡ ಬರಲಿ, ಸೈನ್ಯ ಬಿಟ್ಟು, ಕತ್ತಿ ಬಿಟ್ಟು ಬಂದು ಬಾಗಿಲಾಚೆ ನಿಂತು ಅಪ್ಪಣೆ ಕೇಳಲಿ. ನಾನು ಬನ್ನಿ ಎಂದರೆ ಒಳಗೆ ಬರಲಿ.

‘ಅಮ್ಮ ಕಟ್ಟಿದ್ದು ಅದು’ ಎಂದೆ. ‘ಇಪ್ಪತ್ತೆರಡು ವರ್ಷ ಕೇಳಿದೀನಿ ಆ ಕಥೆ, ಆ ಭಾಗ ಇರ್ಲೇ ಇಲ್ಲ.’

‘ಗೊತ್ತು ಕಣೇ. ಅವತ್ತೇ ಗೊತ್ತಾಯ್ತು. ಅವಳ ಕೈಲಿ ಮದ್ವೆ ನಿಲ್ಸೋಕೆ ಆಗ್ಲಿಲ್ಲ, ಕಥೆ ಬದಲಾಯ್ಸಿದ್ಲು.’ ಅವಳು ಕನ್ನಡಕ ಮತ್ತೆ ಹಾಕಿಕೊಂಡಳು. ‘ನಾನು ಇವರಿಗೆ ಹೇಳ್ದೆ. ನಗ್ತಾರೆ ಅನ್ಕೊಂಡಿದ್ದೆ. ನಗ್ಲಿಲ್ಲ. ಮೊದಲ್ನೇ ದಸರಾಗೆ ಒಂಬತ್ತು ದಿನ ತವರಲ್ಲಿ ಬಿಟ್ಟು, ಹತ್ತನೇ ದಿನ ಬಂದು ಗೇಟ್ ಹತ್ರ ನಿಂತ್ಕೊಂಡ್ರು. ನೀನೂ ಇದ್ದೆಯಲ್ಲ.’

ಇದ್ದೆ. ಕಿಟಕಿಯ ಹಿಂದೆ ಹಲ್ಲು ಕಡಿಯುತ್ತಾ ಇದ್ದೆ.

‘ಟೈಮ್ ಆಯ್ತು’ ಎಂದು ವನಜ ಇಂಜಿನ್ ಶುರುಮಾಡಿದಳು. ಅಪ್ಪನ ಡ್ರೈವರುಗಳು ಯಾರೂ ಅಷ್ಟು ಸರಿಯಾಗಿ ಹೊರಟವರಲ್ಲ. ನಮ್ಮ ಸ್ಟಾಪು ಬಂದಾಗ ನಾನು ಇಳಿಯುತ್ತಾ, ‘ಥ್ಯಾಂಕ್ಯೂ ಡ್ರೈವರ್’ ಎಂದೆ. ಬಸ್ಸಿನ ಜನರ ಮುಂದೆಯೇ ಅವಳು ಗಟ್ಟಿಯಾಗಿ ನಕ್ಕಳು.

ಆ ಸಂಜೆ ಗಂಟು ಬಿಚ್ಚಿ, ರಾಣಿಗೆ ಅಮ್ಮನ ಸೀರೆಯ ಅಂಚು ಕತ್ತರಿಸಿ ಉಡಿಸಿ, ಪುಸ್ತಕದ ಕಪಾಟಿನ ಮೇಲಿನ ಅಂತಸ್ತು ಖಾಲಿ ಮಾಡಿ ಕೂರಿಸಿದಳು. ನಾನು ಆರತಿ ತಟ್ಟೆ ಹಿಡಿದೆ.

ಹತ್ತನೆಯ ದಿನ

ಹೊಗೆ ಕೊಟ್ಟು ಕಳಿಸಿದ್ದಾರಂತೆ ಎಂದು ರೇಖಾಳ ಫೋನು ಬಂದಿತ್ತು. ದಿನವೂ ಸೋಮಶೇಖರನನ್ನು ಕೇಳುತ್ತಿದ್ದೆ. ‘ಆಫೀಸಿಗೆ ಏನೂ ಬಂದಿಲ್ಲ ಅತ್ತಿಗೆ’ ಎಂದು ದಿನವೂ ಅದೇ ಉತ್ತರ. ವಿಜಯದಶಮಿ ಭಾನುವಾರ ಬಿತ್ತು, ಕೊರಿಯರ್ ಇರುವುದಿಲ್ಲ. ದಾರಿಯಲ್ಲಿ ಒಡೆದೇ ಹೋಗಿರಬೇಕು, ಜೋಡಿ ಮುರಿದವಳು ಎಂಬ ಹೆಸರು ನನಗೆ ಉಳಿಯಿತು ಎಂದುಕೊಂಡೆ. ಹಾಲು ತರುತ್ತೇನೆಂದು ಸೋಮಶೇಖರ ಹೊರಗೆ ಹೋದ. ನಾವಿಬ್ಬರೂ ಹೋಳಿಗೆ ತಟ್ಟುತ್ತಿದ್ದೆವು, ಮೊದಲನೆಯದು ಹರಿದದ್ದು ಯಾರಿಂದ ಎಂದು ಸಣ್ಣದೊಂದು ಜಗಳವೂ ಆಯಿತು.

ಬೆಲ್ಲು ಹೊಡೆಯಿತು. ಬೀಗದ ಕೈ ಇಟ್ಟುಕೊಂಡು ಹೋದವನು ಬೆಲ್ಲು ಹೊಡೆಯುತ್ತಾನೇಕೆ?

ವನಜ ಕೈ ಒರೆಸಿಕೊಂಡು ಬಾಗಿಲು ತೆಗೆದಳು. ಹೊಸಿಲಾಚೆ ಸೋಮಶೇಖರ ನಿಂತಿದ್ದ, ತಲೆ ನರೆತ, ಹೊಟ್ಟೆ ಬಂದ, ಚಪ್ಪಲಿ ಪಕ್ಕಕ್ಕೆ ಬಿಟ್ಟ ಸೋಮಶೇಖರ. ತೋಳಿನಲ್ಲಿ ರಟ್ಟಿನ ಪೆಟ್ಟಿಗೆ. ಅದರಿಂದ ರಾಜನ ಕಿರೀಟ ಇಣುಕುತ್ತಿತ್ತು, ಎದೆಯ ಮೇಲೆ ಹಳದಿ ಚೀಟಿ ಹಾಗೇ ಇತ್ತು. ಒಂದು ಕೆನ್ನೆಯ ಬಣ್ಣ ಹೋಗಿದೆ, ಅಷ್ಟೇ. ಶುಕ್ರವಾರವೇ ಬಂದಿತ್ತಂತೆ. ಎರಡು ದಿನ ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದ ಪುಣ್ಯಾತ್ಮ.

‘ಅಪ್ಪಣೆ ಆದ್ರೆ ಒಳಗೆ ಬರಬಹುದಾ?’ ಎಂದ. ನಗುತ್ತಿರಲಿಲ್ಲ. ಪ್ರತಿವರ್ಷ ಕೇಳಿ ಅಭ್ಯಾಸವಾದ ಧ್ವನಿಯಲ್ಲಿ ಕೇಳಿದ.

ವನಜ ನನ್ನ ಕಡೆ ತಿರುಗಿ, ‘ಅಕ್ಕ, ಈ ವರ್ಷ ನೀನು ಹೇಳು’ ಎಂದು ಪಕ್ಕಕ್ಕೆ ಸರಿದಳು.

ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋದೆ. ಇಪ್ಪತ್ತಾರು ವರ್ಷದ ಹಿಂದೆ ಇದೇ ಮನುಷ್ಯನನ್ನು ನೋಡದೆಯೇ ಬೇಡ ಎಂದಿದ್ದೆ. ಈಗ ನೋಡಿದೆ.

‘ಬನ್ನಿ’ ಎಂದೆ.